ಹೆಬ್ಬೆಯ ಹಾದಿಯಲ್ಲಿ ಒಂದು ಓಲೆಯ ಕಟ್ಟು

ತರೀಕೆರೆಯಿಂದ ಲಿಂಗದಹಳ್ಳಿಯ ಮೇಲೆ ಕೆಮ್ಮಣ್ಣುಗುಂಡಿಗೆ ಏರುವ ದಾರಿಯು ಬಯಲುಸೀಮೆಯನ್ನು ಮಲೆನಾಡಿಗೆ ಒಪ್ಪಿಸುವ ದಾರಿ. ಕಡೂರು, ಬೀರೂರು, ಅಜ್ಜಂಪುರಗಳ ಕಡೆಯಿಂದ ಬರುವವರು ರಾಗಿ, ಈರುಳ್ಳಿ, ತೆಂಗುಗಳ ಸೀಮೆಯನ್ನು ಬೆನ್ನಿಗೆ ಬಿಟ್ಟು ಅಡಕೆ ತೋಟಗಳ ನೆರಳನ್ನು ಹೊಗುತ್ತಾರೆ. ಇನ್ನಷ್ಟು ಏರಿದರೆ ಕಾಫಿಯ ತೋಟಗಳು. ಅವುಗಳಿಗೂ ಮೇಲೆ ಬಾಬಾಬುಡನ್ ಗಿರಿಶ್ರೇಣಿಯ ಬೋಳು ಹುಲ್ಲುಗಾವಲು, ಅದರ ಮಡಿಕೆಗಳಲ್ಲಿ ಅಡಗಿ ಕುಳಿತ ದಟ್ಟವಾದ ಕಾಡು. ಈ ಕಾಡಿನೊಳಗೆ ಹೆಬ್ಬೆಯ ಜಲಪಾತವಿದೆ. 168 ಮೀಟರು, ಅಂದರೆ 551 ಅಡಿಗಳ ಎತ್ತರದಿಂದ ನೀರು ಎರಡು ಹಂತಗಳಲ್ಲಿ ಇಳಿಯುತ್ತದೆ. ಮೇಲಿನದನ್ನು ದೊಡ್ಡ ಹೆಬ್ಬೆಯೆಂದೂ ಕೆಳಗಿನದನ್ನು ಚಿಕ್ಕ ಹೆಬ್ಬೆಯೆಂದೂ ಜನರು ಕರೆಯುತ್ತಾರೆ.

ಕಳೆದ ಕಾರ್ತಿಕಮಾಸದಲ್ಲಿ ನಾವು ನಾಲ್ವರು ಈ ದಾರಿಯನ್ನು ಹಿಡಿದೆವು. ನಮ್ಮೊಡನೆ ಇದ್ದವರು ಪ್ರೌಢಶಾಲೆಯ ಕನ್ನಡ ಅಧ್ಯಾಪಕರೊಬ್ಬರು ಮತ್ತು ಅವರ ಇಬ್ಬರು ಹಳೆಯ ವಿದ್ಯಾರ್ಥಿಗಳು. ಜಲಪಾತವನ್ನು ನೋಡುವ ಉತ್ಸಾಹ ಆ ಕಿರಿಯರದು. ನಮ್ಮ ಮನಸ್ಸಿನಲ್ಲಿದ್ದುದು ಬೇರೆ. ಈ ಸೀಮೆಯಲ್ಲಿ ಗ್ರಂಥಗಳು ಹುಟ್ಟಿದ, ಬಂದು ಸೇರಿದ, ಉಳಿದ ಎಡೆಗಳನ್ನು ಒಂದೇ ಯಾತ್ರೆಯಲ್ಲಿ ನೋಡಬೇಕೆಂಬ ಆಸೆ ಬಹುಕಾಲದಿಂದ ಇತ್ತು. ಮಠದಲ್ಲಿ ಓದಿದ ನಮಗೆ ತೀರ್ಥಯಾತ್ರೆಯೆಂದರೆ ಅರ್ಧ ಗದ್ದುಗೆಗಳ ದರ್ಶನ, ಉಳಿದರ್ಧ ಪುಸ್ತಕಗಳ ದರ್ಶನ. ಆದುದರಿಂದ ಹೆಬ್ಬೆಯನ್ನು ಕಡೆಗೆ ಇಟ್ಟುಕೊಂಡು ತರೀಕೆರೆಯಿಂದಲೇ ಯಾತ್ರೆಯನ್ನು ಆರಂಭಿಸಿದೆವು.

ತರೀಕೆರೆಯ ಬಳಿಯ ಎಣ್ಣೆಹೊಳೆಯ ಹೆಸರನ್ನು ಓದುಗ ಬಂಧುಗಳಲ್ಲಿ ಅನೇಕರು ಕೇಳಿರಬಹುದು. ಅಕ್ಕ ನಾಗಮ್ಮನವರು ಲಿಂಗೈಕ್ಯರಾದ ಕ್ಷೇತ್ರವೆಂದು ಪರಂಪರೆಯು ಅದನ್ನು ಗೌರವಿಸುತ್ತ ಬಂದಿದೆ. ಬಸವಣ್ಣನವರಿಗೆ ಅಕ್ಕ, ಚನ್ನಬಸವಣ್ಣನವರಿಗೆ ತಾಯಿ, ಕಲ್ಯಾಣದ ಮಹಾಮನೆಯ ದಾಸೋಹಕ್ಕೆ ಬೆನ್ನೆಲುಬು. ಇಷ್ಟನ್ನು ಹೇಳಿ ಆ ತಾಯಿಯನ್ನು ಸಂಬಂಧಗಳ ಹೆಸರಿನಲ್ಲಿಯೇ ಮುಗಿಸಿಬಿಡುವ ರೂಢಿ ನಮ್ಮಲ್ಲಿದೆ. ಅದು ಸಾಲದು. ‘ಬಸವಣ್ಣಪ್ರಿಯ ಚನ್ನಸಂಗಯ್ಯ’ ಎಂಬ ಅಂಕಿತದಲ್ಲಿ ಅವರು ಸ್ವತಃ ವಚನಗಳನ್ನು ರಚಿಸಿದವರು. ನಮಗೆ ದೊರೆತಿರುವುದು ಬೆರಳೆಣಿಕೆಯಷ್ಟೇ ಆದರೂ ಅವು ಯಾರದೋ ನೆರಳಿನಲ್ಲಿ ನಿಂತ ಮಾತುಗಳಲ್ಲ. ಕಲ್ಯಾಣದಲ್ಲಿ ರಕ್ತ ಹರಿದ ಮೇಲೆ, 1167-68ರ ಸುಮಾರಿಗೆ, ಬಿಜ್ಜಳನ ವಧೆಯ ಬೆನ್ನಲ್ಲೇ ಶರಣರು ದಿಕ್ಕುದಿಕ್ಕಿಗೆ ಚದುರಿದರು. ಒಂದು ತಂಡವು ಚನ್ನಬಸವಣ್ಣನವರೊಡನೆ ಉಳವಿಯ ಕಾಡನ್ನು ಸೇರಿತು. ದಾರಿಯುದ್ದಕ್ಕೂ ಬೆನ್ನಟ್ಟಿದ ಸೈನ್ಯವನ್ನು ಮಡಿವಾಳ ಮಾಚಿದೇವರು ಮೊದಲಾದವರು ತಡೆದು ನಿಲ್ಲಿಸಿದರೆಂದೂ, ಅವರ ಮರೆಯಲ್ಲಿ ವಚನಗಳ ಕಟ್ಟುಗಳು ಮುಂದೆ ಸಾಗಿದವೆಂದೂ ಐತಿಹ್ಯವಿದೆ. ಆ ತಂಡದಲ್ಲಿ ನಾಗಮ್ಮನವರೂ ಇದ್ದರು. ಉಳವಿಯಲ್ಲಿ ಮಗನು ಬಯಲಾದ ಮೇಲೆ ಆ ವೃದ್ಧಮಾತೆ ಮತ್ತೆ ನಡೆದು ಈ ತರೀಕೆರೆಯ ಸೀಮೆಗೆ ಬಂದರು.

ತಮ್ಮನನ್ನು ಕಳೆದುಕೊಂಡು, ಮಗನನ್ನು ಕಳೆದುಕೊಂಡು, ಕಟ್ಟಿದ ಮನೆಯನ್ನು ಬಿಟ್ಟು, ಇಳಿವಯಸ್ಸಿನಲ್ಲಿ ಮಲೆಗಳನ್ನು ದಾಟಿ ಬಂದ ಒಬ್ಬ ಹೆಣ್ಣುಮಗಳನ್ನು ಸುಮ್ಮನೆ ನೆನೆದುಕೊಂಡರೆ ಸಾಕು, ಎಣ್ಣೆಹೊಳೆಯ ದಂಡೆಯಲ್ಲಿ ಮಾತು ಹೊರಡುವುದಿಲ್ಲ. ನಾವು ಅಲ್ಲಿ ಬಹಳ ಹೊತ್ತು ಕುಳಿತಿದ್ದೆವು.

ಮಧ್ಯಾಹ್ನ ಅಮೃತಾಪುರಕ್ಕೆ ಹೋದೆವು. ತರೀಕೆರೆಯಿಂದ ಹತ್ತು-ಹನ್ನೊಂದು ಕಿಲೋಮೀಟರು. ಹೊಯ್ಸಳ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರನು 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯ ಅಲ್ಲಿದೆ. ಗೋಡೆಯ ಮೇಲಿನ ಶಿಲ್ಪಗಳನ್ನು ಕುರಿತು ಬರೆದವರು ಬಹಳ ಮಂದಿ. ನಾವು ಹೋದದ್ದು ಅಲ್ಲಿಯ ಶಾಸನದ ಕಲ್ಲಿಗಾಗಿ. ಅದರ ಪದ್ಯಗಳನ್ನು ರಚಿಸಿದವನು ಮುಂದೆ 1209ರಲ್ಲಿ ‘ಯಶೋಧರಚರಿತೆ’ಯನ್ನು ಬರೆದ ಜನ್ನ. ಜನ್ನನು ಜೈನ, ದೇವಾಲಯವು ಶಿವನದು. ಒಂದು ಧರ್ಮದ ಕವಿಯು ಇನ್ನೊಂದು ಧರ್ಮದ ದೇಗುಲಕ್ಕೆ ತನ್ನ ಮಾತನ್ನು ಕೊಟ್ಟಿದ್ದಾನೆ, ಅದನ್ನು ಕೆತ್ತಿಸಿದವರು ಶಂಕಿಸದೆ ಸ್ವೀಕರಿಸಿದ್ದಾರೆ. ಈ ಕಾಲದಲ್ಲಿ ಇಷ್ಟು ಸಣ್ಣ ಸಂಗತಿಯನ್ನೂ ಎತ್ತಿ ಹೇಳಬೇಕಾಗಿದೆ.

ಅಲ್ಲಿ ನಿಂತಾಗ ನಮಗೆ ಹೊಳೆದದ್ದು ಮತ್ತೊಂದು. ಕಲ್ಯಾಣವು ಚದುರಿದ ವರ್ಷಕ್ಕೂ ಈ ಕಲ್ಲು ನಿಂತ ವರ್ಷಕ್ಕೂ ಮೂವತ್ತು ವರ್ಷಗಳ ಅಂತರವೂ ಇಲ್ಲ. ಒಂದೇ ತಲೆಮಾರಿನಲ್ಲಿ, ಒಂದೇ ತರೀಕೆರೆಯ ಸೀಮೆಯಲ್ಲಿ, ಒಂದು ಬಗೆಯ ಬರೆಹವು ಅರಸನ ಆಶ್ರಯದಲ್ಲಿ ಕಲ್ಲಿನ ಮೇಲೆ ನೆಲೆಯಾಯಿತು. ಇನ್ನೊಂದು ಬಗೆಯದು ತಾಳೆಗರಿಯ ಮೇಲೆ, ಓಡಿಬಂದವರ ಹೆಗಲ ಮೇಲೆ ಅಲೆಯಿತು. ಕಲ್ಲು ನಿಂತಲ್ಲಿಯೇ ನಿಂತಿತು. ಅದನ್ನು ಓದಬೇಕಾದವನು ಅಲ್ಲಿಗೇ ಹೋಗಬೇಕು. ಓಲೆಯಾದರೋ ಗೆದ್ದಲಿಗೂ ಮಳೆಗೂ ಬೆಂಕಿಗೂ ಹೆದರುತ್ತ, ಮನೆಯಿಂದ ಮನೆಗೆ, ಊರಿಂದ ಊರಿಗೆ ಹೋಗಿ ಲಕ್ಷಾಂತರ ಜನರ ನಾಲಗೆಯನ್ನು ಸೇರಿತು. ಎರಡನ್ನೂ ಕಣ್ಣಿಗೆ ಒತ್ತಿಕೊಳ್ಳುವವರು ನಾವು. ಆದರೂ ಯಾವುದು ಗಟ್ಟಿ ಎಂದು ಯಾರಾದರೂ ಕೇಳಿದರೆ ನಾವು ತಟ್ಟನೆ ಕಲ್ಲನ್ನು ತೋರಿಸಲಾರೆವು.

ಮರುದಿನ ಕಡೂರು ತಾಲ್ಲೂಕಿನ ದೇವನೂರಿಗೂ ಹೋಗಿಬಂದೆವು. ‘ಜೈಮಿನಿ ಭಾರತ’ದ ಲಕ್ಷ್ಮೀಶನ ಊರು ಅದು. ಅವನ ಕಾಲವನ್ನೂ ಮತವನ್ನೂ ಕುರಿತು ವಿದ್ವಾಂಸರು ಸಾಕಷ್ಟು ಜಗಳವಾಡಿದ್ದಾರೆ. ಆ ಜಗಳದಲ್ಲಿ ನಮಗೆ ರುಚಿಯಿಲ್ಲ. ನಮ್ಮ ಅಜ್ಜಿಯರ ಕಾಲದಲ್ಲಿ ಲಿಂಗವಂತರ ಮನೆಗಳಲ್ಲಿ ಶ್ರಾವಣದ ಪುರಾಣವೆಂದರೆ ಒಂದು ವರ್ಷ ವಿರೂಪಾಕ್ಷ ಪಂಡಿತನ ‘ಚೆನ್ನಬಸವ ಪುರಾಣ’, ಮರುವರ್ಷ ಲಕ್ಷ್ಮೀಶನ ‘ಜೈಮಿನಿ’. ಹೇಳುವವರಿಗೂ ಕೇಳುವವರಿಗೂ ಅದರಲ್ಲಿ ತೊಡಕಿರಲಿಲ್ಲ. ಏಕೆಂದರೆ ಎರಡೂ ವಾರ್ಧಕ ಷಟ್ಪದಿಯಲ್ಲಿವೆ; ಒಂದರ ಧಾಟಿಯನ್ನು ಬಲ್ಲವರು ಇನ್ನೊಂದನ್ನು ಸರಾಗವಾಗಿ ಹಾಡಬಲ್ಲರು. ಆ ಷಟ್ಪದಿಯನ್ನು ಕಾವ್ಯಕ್ಕೆ ಹದಗೊಳಿಸಿ ಕೊಟ್ಟವನು ಹಂಪೆಯ ಹರಿಹರನ ಅಳಿಯ ರಾಘವಾಂಕ. ವೀರಶೈವ ಕವಿಯು ಕಡೆದ ಪಾತ್ರೆಯಲ್ಲಿ ಭಾಗವತ ಕವಿಯು ಹಾಲನ್ನು ತುಂಬಿದನು. ಕುಡಿದವರು ಯಾರದು ಪಾತ್ರೆ, ಯಾರದು ಹಾಲು ಎಂದು ಕೇಳಲಿಲ್ಲ. ಇದೇ ‘ಜೈಮಿನಿ’ಯನ್ನು 1852ರಲ್ಲಿ ಬೆಂಗಳೂರಿನಲ್ಲಿ ಇಂಗ್ಲಿಷ್ ಅನುವಾದ ಸಹಿತ ಅಚ್ಚು ಹಾಕಿಸಿದವನು ಡೇನಿಯಲ್ ಸ್ಯಾಂಡರ್ಸನ್ ಎಂಬ ವೆಸ್ಲಿಯನ್ ಪಾದ್ರಿ.

ದೇವನೂರಿನಿಂದ ಹಿಂತಿರುಗಿ ಲಿಂಗದಹಳ್ಳಿ, ಕಲ್ಲತ್ತಿಗಿರಿಗಳ ಮೂಲಕ ಮೇಲೇರಿದೆವು. ಕಲ್ಲತ್ತಿಗಿರಿಯ ವೀರಭದ್ರ ದೇವರ ಗುಡಿಯ ಮುಂದೆ ಕಲ್ಲಿನ ಆನೆಗಳ ಮೇಲೆ ನೀರು ಬೀಳುತ್ತದೆ; ಭಕ್ತರ ದಟ್ಟಣೆ ಅಂದೂ ಇತ್ತು. ನಮಸ್ಕರಿಸಿ ಮುಂದೆ ಹೋದೆವು. ರಾತ್ರಿ ಕೆಮ್ಮಣ್ಣುಗುಂಡಿಯಲ್ಲಿ ವಸತಿ. ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆಗೆ ಬರುತ್ತಿದ್ದ ಗಿರಿಧಾಮವಿದು. ಇಲ್ಲಿಯ ಕೆಂಪು ಮಣ್ಣಿನ ಅದಿರು ಒಂದು ಕಾಲದಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಹೋಗುತ್ತಿತ್ತು. ಮಂಜು ಕಿಟಕಿಯವರೆಗೂ ಬಂದು ನಿಂತಿತ್ತು. ಇಷ್ಟಲಿಂಗ ಪೂಜೆ, ಪ್ರಸಾದಗಳು ಮುಗಿದ ಮೇಲೆ ಅಧ್ಯಾಪಕರು ಎರಡು ದಿನದಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಪ್ರಶ್ನೆಯನ್ನು ಕೇಳಿಯೇ ಬಿಟ್ಟರು:

“ಅಯ್ಯನವರೇ, ತಪ್ಪು ತಿಳಿಯಬಾರದು. ಶರಣರು ವಚನದ ಕಟ್ಟುಗಳನ್ನು ಹೊತ್ತು ಕಾಡು ದಾಟಿದರು ಎಂಬುದಕ್ಕೆ ಆಧಾರವೇನು? ಪ್ರಾಣವೇ ಹೋಗುವ ಹೊತ್ತಿನಲ್ಲಿ ಯಾರಾದರೂ ಪುಸ್ತಕವನ್ನು ಹೊರುತ್ತಾರೆಯೇ? ಮಕ್ಕಳಿಗೆ ಪಾಠ ಹೇಳುವಾಗ ನನಗೇ ಅಳುಕಾಗುತ್ತದೆ.”

ಪ್ರಶ್ನೆ ನ್ಯಾಯವಾದದ್ದೇ. ಅದರಲ್ಲಿ ಎರಡು ಪ್ರಶ್ನೆಗಳಿವೆ ಎಂದೆವು. ಮೊದಲನೆಯದಕ್ಕೆ ನೇರವಾಗಿಯೇ ಉತ್ತರಿಸಬೇಕು: ಹನ್ನೆರಡನೆಯ ಶತಮಾನದ ಕೈಬರೆಹದ ವಚನದ ಕಟ್ಟು ಒಂದೂ ಇಂದು ನಮ್ಮ ಕೈಯಲ್ಲಿ ಇಲ್ಲ. ಆ ಪ್ರಯಾಣದ ವಿವರಗಳು ಬಂದಿರುವುದು ಮುಂದಿನ ಶತಮಾನಗಳ ಪುರಾಣಗಳಿಂದ ಮತ್ತು ಜನರ ಬಾಯಿಂದ. ‘ಚೆನ್ನಬಸವ ಪುರಾಣ’ವೇ 1584ರದು. ಆದರೆ ಓಲೆಯ ಸ್ವಭಾವವನ್ನು ಬಲ್ಲವರು ಇದರಿಂದ ಎದೆಗುಂದಬೇಕಾಗಿಲ್ಲ. ಎಷ್ಟೇ ಜೋಪಾನ ಮಾಡಿದರೂ ನಮ್ಮ ಹವೆಯಲ್ಲಿ ಓಲೆಯ ಆಯುಷ್ಯ ಕೆಲವು ಶತಮಾನಗಳಷ್ಟೇ. ಹಳೆಯದು ಪುಡಿಯಾಗುವ ಮೊದಲು ಹೊಸದಕ್ಕೆ ಪ್ರತಿ ಮಾಡಬೇಕು. ಪ್ರತಿ ಮಾಡುವವನಿಲ್ಲದ ಗ್ರಂಥವು ಸತ್ತಂತೆಯೇ. ಹದಿನೈದನೆಯ ಶತಮಾನದಲ್ಲಿ, ಪ್ರೌಢದೇವರಾಯನ ಆಳಿಕೆಯಲ್ಲಿ ಮತ್ತು ಅನಂತರ, ಲಕ್ಕಣ್ಣ ದಂಡೇಶ, ಜಕ್ಕಣಾರ್ಯ, ಶೂನ್ಯಸಂಪಾದನಕಾರರು ವಚನಗಳನ್ನು ಸಂಗ್ರಹಿಸಿ, ಜೋಡಿಸಿ, ಟೀಕೆ ಬರೆದು ಇಟ್ಟರು. ಅವರ ಕೈಗೆ ಸಾವಿರಾರು ವಚನಗಳು ಸಿಕ್ಕವು. ಕಲ್ಯಾಣವು ಹಾಳಾದ ಮೇಲೆ ಇನ್ನೂರೈವತ್ತು ವರ್ಷಗಳ ಕಾಲ, ಅರಸರ ನೆರವಿಲ್ಲದೆ, ಯಾರೋ ಅವನ್ನು ಹೊತ್ತರು, ಬಚ್ಚಿಟ್ಟರು, ಬರೆದುಕೊಂಡರು. ಅವರ ಹೆಸರುಗಳು ಪುರಾಣದಲ್ಲಿ ಹೇಳಿದಂತೆಯೇ ಇದ್ದವೇ ಇಲ್ಲವೇ ಎಂಬುದು ಸಂಶೋಧಕರಿಗೆ ಇರಲಿ. ಹೊತ್ತವರು ಇದ್ದರು ಎಂಬುದಕ್ಕೆ ನಾವು ದಿನವೂ ಓದುವ ವಚನಗಳೇ ಸಾಕ್ಷಿ.

ಎರಡನೆಯ ಪ್ರಶ್ನೆಗೆ ನಮ್ಮ ನಾಡಿನಲ್ಲಿಯೇ ಕಣ್ಣಾರೆ ಕಾಣಬಹುದಾದ ಉತ್ತರವಿದೆ. ಉಳವಿ ಇರುವುದು ಉತ್ತರ ಕನ್ನಡ ಜಿಲ್ಲೆಯಲ್ಲಿ. ಅದೇ ಜಿಲ್ಲೆಯಲ್ಲಿ ಮುಂಡಗೋಡು ಇದೆ. 1959ರಲ್ಲಿ ಟಿಬೆಟ್ಟಿನಲ್ಲಿ ದಂಗೆಯನ್ನು ಚೀನೀ ಸೈನ್ಯವು ಅಡಗಿಸಿದಾಗ ದಲೈ ಲಾಮಾ ಅವರ ಹಿಂದೆ ಸಹಸ್ರಾರು ಜನರು ಹಿಮಾಲಯವನ್ನು ನಡೆದು ದಾಟಿದರು. ಭಿಕ್ಷುಗಳಲ್ಲಿ ಅನೇಕರ ಬೆನ್ನ ಮೇಲೆ ಧರ್ಮಗ್ರಂಥಗಳಿದ್ದವು. ಬಂಗಾಳದ ಬಕ್ಸಾ ಎಂಬಲ್ಲಿಯ ಹಳೆಯ ಸೆರೆಮನೆಯ ಕಟ್ಟಡದಲ್ಲಿ ಅವರು ಹತ್ತು ವರ್ಷ ಇದ್ದರು. ಕ್ಷಯರೋಗದಿಂದ ಸತ್ತವರು ಹಲವರು, ಆದರೂ ಪಾಠ ನಿಲ್ಲಲಿಲ್ಲ. 1969-70ರ ಹೊತ್ತಿಗೆ ಡ್ರೆಪುಂಗ್ ಮತ್ತು ಗಾಂದೆನ್ ಮಠಗಳು ಮುಂಡಗೋಡಿನಲ್ಲಿಯೂ ಸೇರಾ ಮಠವು ಬೈಲಕುಪ್ಪೆಯಲ್ಲಿಯೂ ಮತ್ತೆ ಎದ್ದವು. ಕೆಲವು ವರ್ಷಗಳ ಹಿಂದೆ ನಾವು ಮುಂಡಗೋಡಿಗೆ ಹೋದಾಗ ಅಲ್ಲಿಯ ಗ್ರಂಥಗಳನ್ನು ನೋಡಿ ಬೆರಗಾದೆವು. ಕಾಗದದ ಪುಸ್ತಕವೇ ಸರಿ, ಆದರೆ ಹೊಲಿಗೆಯಿಲ್ಲ. ಉದ್ದವಾದ, ಅಗಲ ಕಿರಿದಾದ ಬಿಡಿ ಹಾಳೆಗಳು, ಮೇಲೆ ಕೆಳಗೆ ಮರದ ಹಲಗೆ, ಸುತ್ತಲೂ ವಸ್ತ್ರ. ನಮ್ಮ ತಾಳೆಯೋಲೆಯ ಕಟ್ಟಿನ ಆಕಾರವೇ! ಬೌದ್ಧಗ್ರಂಥಗಳು ಭಾರತದಿಂದ ಟಿಬೆಟ್ಟಿಗೆ ಹೋದದ್ದು ಓಲೆಯ ಮೇಲೆ. ತಾಳೆಯ ಮರವೇ ಬೆಳೆಯದ ಆ ಹಿಮದ ನಾಡಿನಲ್ಲಿ ಕಾಗದವನ್ನು ಓಲೆಯಂತೆ ಕತ್ತರಿಸಿ ಅವರು ಸಾವಿರ ವರ್ಷ ಆ ಆಕಾರವನ್ನು ಉಳಿಸಿಕೊಂಡರು. ಕಡೆಗೆ ಅದನ್ನು ಬೆನ್ನ ಮೇಲೆ ಹೊತ್ತು ಕನ್ನಡ ನಾಡಿನ ಕಾಡಂಚಿಗೆ ಮರಳಿ ತಂದರು. ಪ್ರಾಣ ಹೋಗುವಾಗ ಪುಸ್ತಕವನ್ನು ಹೊರುತ್ತಾರೆಯೇ ಎಂದು ಕೇಳುವವರನ್ನು ನಾವು ಮುಂಡಗೋಡಿಗೆ ಕಳಿಸುತ್ತೇವೆ.

ತನ್ನದಲ್ಲದ ಧರ್ಮದ ಗ್ರಂಥಕ್ಕಾಗಿ ಪ್ರಾಣವನ್ನು ಒತ್ತೆಯಿಟ್ಟವರೂ ಉಂಟು. ಹದಿನಾಲ್ಕನೆಯ ಶತಮಾನದಲ್ಲಿ ಸ್ಪೇನ್ ದೇಶದಲ್ಲಿ ಬರೆದ ಯಹೂದ್ಯರ ಒಂದು ಚಿತ್ರಗ್ರಂಥ ಬೋಸ್ನಿಯಾದ ಸರಾಯೆವೋ ಪಟ್ಟಣದ ವಸ್ತುಸಂಗ್ರಹಾಲಯದಲ್ಲಿದೆ. ಅದು ಹಗ್ಗದಾ, ಅಂದರೆ ವರ್ಷಕ್ಕೊಮ್ಮೆ ಹಬ್ಬದ ರಾತ್ರಿ ಮನೆಮಂದಿಯೆಲ್ಲ ಊಟಕ್ಕೆ ಕುಳಿತು ಓದುವ ಗ್ರಂಥ. ಅದರ ಪುಟಗಳ ಮೇಲೆ ದ್ರಾಕ್ಷಾರಸದ ಕಲೆಗಳಿವೆಯಂತೆ. ನಮ್ಮ ಮನೆಯ ಪುರಾಣದ ಹೊತ್ತಿಗೆಗಳ ಮೇಲೆ ವಿಭೂತಿಯ ಬೆರಳಚ್ಚು ಇರುವುದಿಲ್ಲವೇ, ಹಾಗೆ. 1942ರಲ್ಲಿ ನಾಜಿ ಸೇನಾಧಿಕಾರಿಯು ಅದನ್ನು ಒಯ್ಯಲು ಬಂದಾಗ ಅಲ್ಲಿಯ ಗ್ರಂಥಪಾಲಕ ದೆರ್ವಿಶ್ ಕೊರ್ಕುತ್ ಎಂಬ ಮುಸಲ್ಮಾನ ವಿದ್ವಾಂಸನು ಅದನ್ನು ಗುಟ್ಟಾಗಿ ಹೊರಗೆ ಸಾಗಿಸಿ ಉಳಿಸಿದನು. ಸಿಕ್ಕಿಬಿದ್ದಿದ್ದರೆ ಅವನ ತಲೆ ಉಳಿಯುತ್ತಿರಲಿಲ್ಲ. ಆ ಊರನ್ನು ನೆನೆದಾಗ ನಮಗೆ ನಮ್ಮ ರೆವರೆಂಡ್ ಉತ್ತಂಗಿ ಚನ್ನಪ್ಪನವರೂ ನೆನಪಾಗುತ್ತಾರೆ. ಕ್ರೈಸ್ತ ಪಾದ್ರಿಗಳಾಗಿದ್ದು ಹಳ್ಳಿಹಳ್ಳಿ ಅಲೆದು ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದವರು, ಅನುಭವ ಮಂಟಪದ ಐತಿಹಾಸಿಕತೆಯನ್ನು ಸಂದೇಹಿಸಿದವರಿಗೆ ಗ್ರಂಥರೂಪದಲ್ಲಿ ಉತ್ತರ ಕೊಟ್ಟವರು. ಮನೆಯನ್ನೇ ಮಾರಿ ಮುದ್ರಣಯಂತ್ರವನ್ನು ಕೊಂಡ ಫ. ಗು. ಹಳಕಟ್ಟಿಯವರ ಕಥೆಯನ್ನು ಈ ಪತ್ರಿಕೆಯ ಓದುಗರಿಗೆ ಮತ್ತೆ ಹೇಳಬೇಕಾಗಿಲ್ಲ.

ಹೊರಲು ಪುಸ್ತಕವೇ ಇಲ್ಲದಿದ್ದರೆ? ರಷ್ಯಾದ ಕವಯಿತ್ರಿ ಅನ್ನಾ ಅಖ್ಮತೋವಾ ಅವರ ಮಗನನ್ನು ಸ್ಟಾಲಿನ್ನನ ಕಾಲದಲ್ಲಿ ಸೆರೆಗೆ ಹಾಕಿದರು. ಆ ತಾಯಿ ಲೆನಿನ್‌ಗ್ರಾಡ್ ಸೆರೆಮನೆಯ ಹೊರಗೆ ಹದಿನೇಳು ತಿಂಗಳು ಸಾಲಿನಲ್ಲಿ ನಿಂತರು. ಆ ದುಃಖವನ್ನು ಕುರಿತ ಕವಿತೆಯನ್ನು ಬರೆದು ಮನೆಯಲ್ಲಿ ಇಡುವಂತಿರಲಿಲ್ಲ. ಚೂರು ಕಾಗದದ ಮೇಲೆ ನಾಲ್ಕು ಸಾಲು ಬರೆದು ಗೆಳತಿಯ ಕೈಗೆ ಕೊಡುವರು. ಗೆಳತಿ ಮೌನವಾಗಿ ಓದಿ ಬಾಯಿಪಾಠ ಮಾಡಿಕೊಳ್ಳುವಳು. ಕೂಡಲೇ ಕಾಗದವನ್ನು ಸುಡುವರು. ಹೀಗೆ ‘ರೆಕ್ವಿಯೆಮ್’ ಎಂಬ ಆ ಕವಿತೆಯು ಕೆಲವು ಹೆಂಗಸರ ನೆನಪಿನಲ್ಲಿ ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಬಾಳಿತು. ಅಚ್ಚಾದದ್ದು 1963ರಲ್ಲಿ, ಅದೂ ಜರ್ಮನಿಯ ಮ್ಯೂನಿಕ್ಕಿನಲ್ಲಿ. ಸ್ವದೇಶದಲ್ಲಿ ಅದು ಬೆಳಕು ಕಾಣಲು 1987 ಬರಬೇಕಾಯಿತು.

ಅಧ್ಯಾಪಕರು ಹೆಚ್ಚು ಮಾತನಾಡಲಿಲ್ಲ. “ಹೆಂಗಸರ ನೆನಪಿನಲ್ಲಿ” ಎಂದು ಒಮ್ಮೆ ತಮ್ಮಷ್ಟಕ್ಕೆ ಹೇಳಿಕೊಂಡು ಮಲಗಿದರು.

ಬೆಳಿಗ್ಗೆ ಜೀಪಿನಲ್ಲಿ ಹೆಬ್ಬೆಗೆ ಇಳಿದೆವು. ಈ ಕಾಡು ಭದ್ರಾ ಅಭಯಾರಣ್ಯಕ್ಕೆ ಸೇರಿದುದರಿಂದ ಅರಣ್ಯ ಇಲಾಖೆಯ ಅನುಮತಿ ಬೇಕು. ಜೀಪಿನ ದಾರಿಯನ್ನು ದಾರಿಯೆಂದು ಕರೆಯುವುದು ಔದಾರ್ಯದ ಮಾತು. ಎಲುಬುಗಳ ಲೆಕ್ಕವನ್ನು ಅದು ಒಂದೊಂದಾಗಿ ಕೇಳುತ್ತದೆ. ಜೀಪು ನಿಂತ ಮೇಲೆ ನಡಿಗೆ. ಒಂದೇ ಹಳ್ಳವನ್ನು ಹಲವು ಬಾರಿ ದಾಟಬೇಕು, ಕಲ್ಲುಗಳು ಜಾರುತ್ತವೆ, ಇಂಬಳಗಳು ಪಾದದಿಂದ ಮೊಣಕಾಲಿಗೆ ಏರುತ್ತವೆ. ಮಳೆ ನಿಂತು ಒಂದು ತಿಂಗಳಾಗಿದ್ದರೂ ಮರಗಳ ಮೈಯಿಂದ ನೀರು ಒಸರುತ್ತಿತ್ತು. ಅರ್ಧ ಗಂಟೆಯಲ್ಲಿ ನಮ್ಮ ಚೀಲದಲ್ಲಿದ್ದ ದಿನಚರಿಯ ಹಾಳೆಗಳು ತೇವದಿಂದ ಒಂದಕ್ಕೊಂದು ಅಂಟಿಕೊಂಡವು. ಅಕ್ಕ ನಾಗಮ್ಮನವರು ಹೆಬ್ಬೆಯನ್ನು ಕಂಡರೆಂದು ಯಾವ ಪುರಾಣವೂ ಹೇಳುವುದಿಲ್ಲ. ಆದರೆ ಓಲೆಯ ಕಟ್ಟನ್ನು ಮಲೆನಾಡಿನಲ್ಲಿ ಒಣಗಿದಂತೆ ಇಡುವುದೆಂದರೆ ಏನೆಂಬುದನ್ನು ಅಂಟಿಕೊಂಡ ಆ ಹಾಳೆಗಳು ನಮಗೆ ತಿಳಿಸಿದವು. ಕತ್ತಿಯಿಂದ ಕಾಯುವುದು ಒಂದು ದಿನದ ಕೆಲಸ; ತೇವದಿಂದ ಕಾಯುವುದು ದಿನದಿನದ ಕೆಲಸ.

ಎರಡನೆಯ ಬಾರಿ ಹಳ್ಳ ದಾಟುವಲ್ಲಿ ಒಂದು ಬಂಡೆಯ ಮೇಲೆ ಎಪ್ಪತ್ತು ದಾಟಿದ ತಾಯಿಯೊಬ್ಬರು ಕುಳಿತಿದ್ದರು. ಹಣೆಯ ತುಂಬ ವಿಭೂತಿ, ಮಡಿಲಲ್ಲಿ ಕೆಂಪು ವಸ್ತ್ರದ ಗಂಟು. ಪಕ್ಕದಲ್ಲಿ ಮಗ ಮತ್ತು ಹತ್ತು-ಹನ್ನೆರಡು ವರ್ಷದ ಮೊಮ್ಮಗ. ಅವರೆದುರು ಅರಣ್ಯ ಇಲಾಖೆಯ ಕಾವಲುಗಾರನೊಬ್ಬ ನಿಂತು, “ಇಲ್ಲಿ ಏನನ್ನೂ ನೀರಿಗೆ ಬಿಡೋ ಹಂಗಿಲ್ಲ, ಯಾರ್ ಹೇಳಿದ್ರೂ ಅಷ್ಟೇ” ಎನ್ನುತ್ತಿದ್ದ. ನಮ್ಮ ಕಾವಿಯ ಶಾಲನ್ನು ನೋಡಿ ತಾಯಿ ಎದ್ದು ಶರಣೆಂದರು. ಗಂಟಿನಲ್ಲೇನಿದೆ ತಾಯಿ ಎಂದು ಕೇಳಿದೆವು.

“ಬಸವಪುರಾಣ, ಬುದ್ಧಿ. ನಮ್ಮತ್ತೆಯೋರ ಕಾಲದ್ದು. ಕಾಲು ತಾಗದ ನೀರು ಬೇಕಾಗಿತ್ತು. ಕಲ್ಲತ್ತಿಗಿರೀಲಿ ಜನ ಮೀತಾರೆ, ಸೋಪು ಹಚ್ತಾರೆ. ಅದಕ್ಕೇ ಇಷ್ಟು ದೂರ ಬಂದ್ವಿ.”

ಅಜ್ಜಂಪುರದ ಕಡೆಯ ಹಳ್ಳಿಯವರು. ಹಳೆಯ ಮನೆಯನ್ನು ಕೆಡವಿ ಹೊಸದನ್ನು ಕಟ್ಟಿಸುತ್ತಿದ್ದರು. ಮಗನು ಸಂಕೋಚದಿಂದ ಹೇಳಿದ: “ಓದೋರು ಯಾರೂ ಉಳಿದಿಲ್ಲ ಸ್ವಾಮಿ. ಜಗುಲಿ ಮೇಲಿಟ್ಟು ಪೂಜೆ ಮಾಡ್ತಿದ್ವಿ. ಗೆದ್ದಲು ಬೇರೆ ಹತ್ತಿದೆ. ಎಸೆಯೋಕೆ ಮನಸ್ಸು ಒಪ್ಪಲಿಲ್ಲ, ಗಂಗೆಗೆ ಬಿಟ್ರೆ ದೋಷ ಇಲ್ಲ ಅಂದ್ರು ಹಿರಿಯರು.”

ಯಾವ ಹಿರಿಯರು ಹೇಳಿದರೋ ತಿಳಿಯದು. ಆದರೆ ಅವರೊಬ್ಬರೇ ಅಲ್ಲ. ನಮ್ಮ ಸೀಮೆಯ ಎಷ್ಟೋ ಕಟ್ಟುಗಳು ಹೀಗೆಯೇ ಭದ್ರೆ, ವೇದಾವತಿಗಳ ಪಾಲಾಗಿವೆ. ವೈರಿಗಳು ಸುಟ್ಟ ಗ್ರಂಥಗಳಿಗಾಗಿ ನಾವು ಭಾಷಣಗಳಲ್ಲಿ ಕಣ್ಣೀರು ಹಾಕುತ್ತೇವೆ. ಭಕ್ತಿಯಿಂದ ಹೂವೇರಿಸಿ ನೀರಿಗೆ ಬಿಟ್ಟ ಗ್ರಂಥಗಳ ಲೆಕ್ಕವನ್ನು ಇಟ್ಟವರಾರು? ಪೂಜೆಗೆ ಕುಳಿತ ಪುಸ್ತಕವನ್ನು ಯಾರೂ ಬಿಚ್ಚುವುದಿಲ್ಲ, ಬಿಚ್ಚದ ಪುಸ್ತಕವನ್ನು ಹುಳು ಬಿಚ್ಚುತ್ತದೆ. ಕಾವಲುಗಾರನ ಗಡಸು ಮಾತು ಅಂದು ನಮಗೆ ವೇದವಾಕ್ಯವಾಗಿ ಕೇಳಿಸಿತೆಂದರೆ ತಪ್ಪಿಲ್ಲ.

ಒಮ್ಮೆ ನೋಡಬಹುದೇ ಎಂದು ಕೇಳಿದೆವು. ತಾಯಿ ಗಂಟನ್ನು ಕಣ್ಣಿಗೊತ್ತಿಕೊಂಡು ನಮ್ಮ ಕೈಗಿತ್ತರು. ಹಲಸಿನ ಮರದ ಹಲಗೆಗಳ ನಡುವೆ ನೂರಮೂವತ್ತರಷ್ಟು ಗರಿಗಳು. ದಾರವು ಮುಟ್ಟಿದ ಕೂಡಲೇ ತುಂಡಾಯಿತು. ಮೊದಲ ಹತ್ತು-ಹನ್ನೆರಡು ಗರಿಗಳನ್ನು ಗೆದ್ದಲು ಜಾಲರಿಯಂತೆ ಮಾಡಿತ್ತು. ಅಕ್ಷರಗಳಿಗೆ ತುಂಬಿದ ಕಾಡಿಗೆಯು ಎಂದೋ ಹೋಗಿ ಬರಿಯ ಗೀರುಗಳು ಉಳಿದಿದ್ದವು. ಗರಿಯನ್ನು ಓರೆಯಾಗಿ ಬಿಸಿಲಿಗೆ ಹಿಡಿದರೆ ಮಾತ್ರ ಕಂಠದ ಗೀರಿನಲ್ಲಿ ನೆರಳು ಬಿದ್ದು ಅಕ್ಷರ ಮೂಡುತ್ತದೆ. ಮರಗಳ ಸಂದಿನಿಂದ ಇಳಿದ ಒಂದು ಅಂಗೈಯಷ್ಟು ಬಿಸಿಲಿನಲ್ಲಿ ನಾವು ಕುಳಿತು ಓದತೊಡಗಿದೆವು.

ಅದು ಬಸವಪುರಾಣವಾಗಿರಲಿಲ್ಲ. ಮೊದಲ ಭಾಗವು ‘ಚೆನ್ನಬಸವ ಪುರಾಣ’ದ ಕೆಲವು ಸಂಧಿಗಳು. ಎಂಬತ್ತು ಗರಿಗಳಾದ ಮೇಲೆ ಕೈಬರೆಹ ಬದಲಾಯಿತು, ಅಕ್ಷರ ಸ್ವಲ್ಪ ದುಂಡಗಾಯಿತು. ಅಲ್ಲಿಂದ ಮುಂದೆ ಲಕ್ಷ್ಮೀಶನ ‘ಜೈಮಿನಿ’, ಚಂದ್ರಹಾಸನ ಕಥೆ. ಒಂದೇ ಹಲಗೆಗಳ ನಡುವೆ, ಒಂದೇ ಷಟ್ಪದಿಯಲ್ಲಿ, ಇಬ್ಬರು ಲಿಪಿಕಾರರ ಎರಡು ಗ್ರಂಥಗಳು. ನಾವು ಒಂದು ಪದ್ಯವನ್ನು ಗಟ್ಟಿಯಾಗಿ, ಹಳೆಯ ಧಾಟಿಯಲ್ಲಿ ಓದಿದೆವು. ಎರಡನೆಯ ಪದ್ಯದ ನಡುವೆ ಗರಿಯು ಮುರಿದಿತ್ತು. ನಾವು ನಿಲ್ಲಿಸಿದೆವು.

ತಾಯಿ ನಿಲ್ಲಿಸಲಿಲ್ಲ.

ಮುರಿದ ಗರಿಯಲ್ಲಿ ಇಲ್ಲದ ಮೂರು ಸಾಲುಗಳನ್ನು ಅವರು ಅದೇ ಧಾಟಿಯಲ್ಲಿ ಹಾಡಿ ಮುಗಿಸಿ, ಮುಂದಿನ ಪದ್ಯಕ್ಕೆ ಹೋದರು; ಅದಕ್ಕೂ ಮುಂದೆ ಹೋದರು. ಅಕ್ಷರ ಕಲಿಯದವರು. ಗರಿಯ ಕಡೆಗೆ ಒಮ್ಮೆಯೂ ನೋಡಲಿಲ್ಲ. ಅತ್ತೆಯೋರು ಬೀಸುವಾಗ ಹಾಡುತ್ತಿದ್ದರಂತೆ. ಮದುವೆಯಾಗಿ ಬಂದ ಹದಿನಾರರ ಸೊಸೆ ಕಲ್ಲಿನ ಇನ್ನೊಂದು ಪಕ್ಕದಲ್ಲಿ ಕುಳಿತು ಕೇಳಿ ಕಲಿತದ್ದು. ಮೇಲಿನಿಂದ ದೊಡ್ಡ ಹೆಬ್ಬೆಯ ನೀರಿನ ಸದ್ದು ಕೇಳಿಬರುತ್ತಿತ್ತು. ಮಗನು ಬಾಯಿ ತೆರೆದುಕೊಂಡು ನೋಡುತ್ತಿದ್ದ. ಅವ್ವನಿಗೆ ಇದು ಬರುವುದೆಂದು ಅವನಿಗೆ ಐವತ್ತು ವರ್ಷಗಳಲ್ಲಿ ತಿಳಿದಿರಲಿಲ್ಲ. ಮಿಲ್ಲು ಬಂದ ಮೇಲೆ ಬೀಸುವುದು ನಿಂತಿತು. ಬೀಸುವುದು ನಿಂತ ಮೇಲೆ ಹಾಡಲು ಹೊತ್ತು ಸಿಗಲಿಲ್ಲ, ಅಷ್ಟೇ.

ಮೊಮ್ಮಗನು ಕಥೆಯೇನೆಂದು ಕೇಳಿದ. ಚಂದ್ರಹಾಸನ ಕಥೆಯು ಓದುಗರಿಗೆ ತಿಳಿದದ್ದೇ: ಅನಾಥ ಬಾಲಕ, ಅವನನ್ನು ಕೊಲ್ಲಿಸಲು ಮಂತ್ರಿ ದುಷ್ಟಬುದ್ಧಿಯು ಅವನ ಕೈಯಲ್ಲಿಯೇ ಬರೆದು ಕಳಿಸಿದ ಓಲೆ, ಮಲಗಿದ್ದವನ ಬಳಿಯ ಆ ಓಲೆಯನ್ನು ಓದಿ ವಿಷವನ್ನು ಕೊಡು ಎಂಬುದನ್ನು ವಿಷಯೆಯನ್ನು ಕೊಡು ಎಂದು ತಿದ್ದಿದ ಮಂತ್ರಿಯ ಮಗಳು. ತಾಯಿ ಇದನ್ನು ಮೊಮ್ಮಗನಿಗೆ ತಮ್ಮ ಮಾತಿನಲ್ಲಿ ಹೇಳಿ, “ಆ ಹುಡುಗಿಗೆ ಓದೋಕೆ ಬರ್ತಿತ್ತು ಕಣಪ್ಪ, ಅದಕ್ಕೇ ಅವನ ಪ್ರಾಣ ಉಳೀತು. ನನಗೆ ಬರ್ತಿರಲಿಲ್ಲ” ಎಂದರು.

ಕಟ್ಟನ್ನು ಯಾವುದಾದರೂ ಹಸ್ತಪ್ರತಿ ಭಂಡಾರಕ್ಕೆ ಕೊಡಿರೆಂದು ನಾವು ಸೂಚಿಸಿದೆವು. ಅಲ್ಲಿ ಜೋಪಾನವಾಗಿ ಇಡುತ್ತಾರೆ, ವಿದ್ವಾಂಸರು ಓದುತ್ತಾರೆ ಎಂದೆವು. ತಾಯಿ ತಲೆಯಾಡಿಸಿದರು. “ಬೇಡ ಬುದ್ಧಿ. ಅತ್ತೆಯೋರು ಮನೇಲಿಟ್ಟಿದ್ರು, ಮನೇಲೇ ಇರಲಿ. ಹುಳ ಹತ್ತದಂಗೆ ಏನು ಮಾಡಬೇಕು, ಅದನ್ನ ಹೇಳಿ.” ಅವರ ಮಾತಿನಲ್ಲಿಯೂ ಒಂದು ನ್ಯಾಯವಿದೆಯೆಂದು ನಮಗೆ ಈಗಲೂ ಅನ್ನಿಸುತ್ತದೆ. ಭಂಡಾರದಲ್ಲಿ ಗರಿ ಉಳಿಯುತ್ತದೆ. ಧಾಟಿ ಉಳಿಯುವುದು ಮನೆಯಲ್ಲಿ. ಆದುದರಿಂದ ಹೇಳಿದೆವು: ಮೆತ್ತನೆಯ ಕುಂಚದಿಂದ ಒಂದೊಂದು ಗರಿಯ ಧೂಳನ್ನು ತೆಗೆಯುವುದು, ನಿಂಬೆಹುಲ್ಲಿನ ಎಣ್ಣೆಯನ್ನು ತೆಳುವಾಗಿ ಸವರುವುದು, ಕಾಡಿಗೆಯನ್ನು ತುಂಬಿ ಒರೆಸುವುದು, ಹೊಸ ಹತ್ತಿಯ ದಾರವನ್ನು ಪೋಣಿಸುವುದು, ಹಲಗೆಗಳ ನಡುವೆ ಬಿಗಿಯಾಗಿ ಕಟ್ಟಿ ನೆಲಕ್ಕೂ ಗೋಡೆಗೂ ತಾಗದಂತೆ ಇಡುವುದು, ಮಳೆಗಾಲ ಕಳೆದ ಮೇಲೆ ನೆರಳಿನಲ್ಲಿ ಬಿಚ್ಚಿ ಗಾಳಿಗೆ ಇಡುವುದು. ಮಗನು ಇದನ್ನೆಲ್ಲ ತನ್ನ ಮೊಬೈಲಿನಲ್ಲಿ ಬರೆದುಕೊಂಡ. ಹೊಸ ಮನೆಯ ದೇವರ ಕೋಣೆಯಲ್ಲಿ ಗೂಡು ಇಡಿಸಿಲ್ಲ, ಮೇಸ್ತ್ರಿಗೆ ಹೇಳಬೇಕು ಎಂದ.

ಆಮೇಲೆ ನಾವು ದೊಡ್ಡ ಹೆಬ್ಬೆಯವರೆಗೂ ಹೋಗಿಬಂದೆವು. ನೀರು ಬಹಳ ಎತ್ತರದಿಂದ ಬೀಳುತ್ತದೆ. ಹಿಂತಿರುಗುವಷ್ಟರಲ್ಲಿ ಅವರು ಹೊರಟುಹೋಗಿದ್ದರು. ಬಂಡೆಯ ಮೇಲೆ ತುಂಡಾದ ಹಳೆಯ ದಾರ ಮಾತ್ರ ಬಿದ್ದಿತ್ತು, ಅದನ್ನು ಕಾವಲುಗಾರ ಎತ್ತಿಕೊಂಡು ಜೇಬಿಗೆ ಹಾಕಿಕೊಂಡ.

ಅಧ್ಯಾಪಕರು ಆ ಹಳ್ಳಿಗೆ ಆಮೇಲೆ ಎರಡು ಭಾನುವಾರ ಹೋಗಿದ್ದಾರೆ. ತಾಯಿ ಹಾಡಿದ್ದನ್ನು ಮೊಮ್ಮಗನು ಶಾಲೆಯ ನೋಟುಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಾನಂತೆ, ನಲವತ್ತು ಪದ್ಯಗಳಾಗಿವೆ. ಎರಡು ಕಡೆ ಅವರ ಪಾಠವು ಮುದ್ರಿತ ಪಾಠಕ್ಕಿಂತ ಬೇರೆಯಾಗಿದ್ದು, ಒಂದು ಕಡೆ ಮುದ್ರಿತಕ್ಕಿಂತ ಚೆನ್ನಾಗಿದೆಯೆಂಬುದು ಅಧ್ಯಾಪಕರ ಅಭಿಪ್ರಾಯ. ನಾವು ಇನ್ನೂ ಒಪ್ಪಿಲ್ಲ. ‘ಚೆನ್ನಬಸವ ಪುರಾಣ’ದ ಭಾಗವು ತಾಯಿಗೆ ಬಾಯಿಗೆ ಬರುವುದಿಲ್ಲ. ಅದನ್ನು ಗರಿಯಿಂದಲೇ ಓದಬೇಕು. ಮಾಘದಲ್ಲಿ ನಾವು ಅಲ್ಲಿಗೆ ಹೋಗುವವರಿದ್ದೇವೆ. ಆ ವೇಳೆಗೆ ಗೂಡು ಸಿದ್ಧವಾಗಿರುತ್ತದೆಂದು ಮಗನು ಹೇಳಿಕಳಿಸಿದ್ದಾನೆ.